ಬುಧವಾರದ ಟ್ರ್ಯಾಕ್ ಓಟ: ಕಚೇರಿಗೆ ಮೊದಲೋ, ಆಮೇಲೋ?

ರಿಂಗ್‌ರೋಡ್ ಓಟಗಾರ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಬರುವ ಬೆಂಗಳೂರಿನ 10ಕೆ ಓಟಕ್ಕೆ ತಯಾರಿ ನಡೆಸುತ್ತಿದ್ದೇನೆ. ವಾರಕ್ಕೆ ಸುಮಾರು 40 ಕಿಲೋಮೀಟರ್ ಓಡುತ್ತೇನೆ, 5 ಕಿಲೋಮೀಟರಿಗೆ 24 ನಿಮಿಷ ಹಿಡಿಯುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ತರಬೇತಿ ಪಟ್ಟಿಯಲ್ಲಿ ಪ್ರತಿ ಬುಧವಾರ ಟ್ರ್ಯಾಕಿನ ಮೇಲೆ 800 ಮೀಟರಿನ ಆರು ವೇಗದ ಓಟಗಳು, ನಡುನಡುವೆ 400 ಮೀಟರ್ ನಿಧಾನದ ಓಟ ಎಂದಿದೆ. ಉಳಿದ ದಿನಗಳ ಓಟವನ್ನು ಬಡಾವಣೆಯ ರಸ್ತೆಯಲ್ಲಿ ಹೇಗೋ ಮುಗಿಸಿಕೊಳ್ಳುತ್ತೇನೆ. ತಲೆನೋವು ಈ ಬುಧವಾರದ್ದೇ.

ಬೆಳಿಗ್ಗೆ ಏಳೂವರೆಗೆ ಮಗನನ್ನು ಶಾಲೆಯ ಬಸ್ಸಿಗೆ ಹತ್ತಿಸಬೇಕು. ಎಂಟೂವರೆಗೆ ನಾನು ಮನೆ ಬಿಡದಿದ್ದರೆ ಹೊರ ವರ್ತುಲ ರಸ್ತೆಯಲ್ಲಿ ಸಿಕ್ಕಿಕೊಂಡಂತೆಯೇ. ಸಂಜೆ ಆರಕ್ಕೆ ಕೆಲಸ ಮುಗಿದರೂ ಏಳೂವರೆಗೆ ಅಮೆರಿಕದ ತಂಡದ ಜೊತೆ ಮಾತುಕತೆ ಇರುತ್ತದೆ, ಅದು ಎಂಟೂವರೆಗೆ ಮುಗಿದರೆ ಪುಣ್ಯ. ಕ್ರೀಡಾಂಗಣ ಸ್ಕೂಟರಿನಲ್ಲಿ ಹದಿನೈದು ನಿಮಿಷದ ದಾರಿ. ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುತ್ತಾರೆ. ಈ ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿಗೆ.

ವಾರ್ಮ್ ಅಪ್‌ಗೆ 15 ನಿಮಿಷ, ಡ್ರಿಲ್ (ಕಾಲಿನ ಕಸರತ್ತು) ಮತ್ತು ಸ್ಟ್ರೈಡ್‌ಗಳಿಗೆ (ಚಿಕ್ಕ ಚುರುಕು ಓಟ) 8, ಮುಖ್ಯ ಓಟಕ್ಕೆ 36, ಕೂಲ್ ಡೌನ್‌ಗೆ 10. ಒಟ್ಟು 70 ನಿಮಿಷದ ಹತ್ತಿರ. ಆರಕ್ಕೇ ಶುರು ಮಾಡಿದರೂ ಮನೆ ಸೇರುವಾಗ 7:25 ಆಗುತ್ತದೆ. ವಾರ್ಮ್ ಅಪ್ ಅನ್ನು ಐದು ನಿಮಿಷಕ್ಕೆ ಇಳಿಸಿದರೆ ನಡೆಯುತ್ತದೆಯೇ? ಅಥವಾ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಚೇರಿಯ ಆವರಣದ ಸುತ್ತ ಓಡುವುದೇ? ಅಥವಾ ರಾತ್ರಿ ಒಂಬತ್ತಕ್ಕೆ? ಕೆಲಸಕ್ಕೆ ಹೋಗುವವರು ಇದನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ, ತಿಳಿಸಿ.

ಮುಂಜಾವಿನ ಮಂದಿ (ಮೈಸೂರು)

ಬೆಳಿಗ್ಗೆಯೇ, ಎರಡು ಮಾತಿಲ್ಲ. ಸಂಜೆ ನಮ್ಮ ಕೈಯಲ್ಲಿರುವುದಿಲ್ಲ. ಮೇಲಧಿಕಾರಿ ಕರೆಯುತ್ತಾರೆ, ಮಳೆ ಬರುತ್ತದೆ, ನೆಂಟರು ಬರುತ್ತಾರೆ. ನಸುಕಿನ ಐದಕ್ಕೆ ಯಾರೂ ಬರುವುದಿಲ್ಲ. ನಾನು ಬ್ಯಾಂಕಿನಲ್ಲಿದ್ದೇನೆ, ಶಾಖೆಯ ಬಾಗಿಲು ತೆಗೆಯುವ ಹೊತ್ತಿಗೆ ನನ್ನ ದಿನದ ಕಷ್ಟದ ಕೆಲಸ ಮುಗಿದಿರುತ್ತದೆ. ರಾತ್ರಿ ಒಂಬತ್ತೂವರೆಗೆ ಮಲಗಬೇಕು, ಅಷ್ಟೇ ಷರತ್ತು. ಧಾರಾವಾಹಿ ನೋಡುವವರಿಗೆ ಇದು ಹೇಳಿದ್ದಲ್ಲ.

ಸಂಜೆ ಆರು (ಹುಬ್ಬಳ್ಳಿ)

ಬೆಳಗಿನವರ ಈ ಗತ್ತು ಎಲ್ಲ ಕಡೆಯೂ ಒಂದೇ. ದೇಹದ ಉಷ್ಣತೆ ನಸುಕಿನ ನಾಲ್ಕು–ಐದರ ಸುಮಾರಿಗೆ ಅತಿ ಕಡಿಮೆ ಇರುತ್ತದೆ, ಇಳಿಹೊತ್ತಿನಿಂದ ಸಂಜೆಯೊಳಗೆ ಅತಿ ಹೆಚ್ಚಾಗುತ್ತದೆ. ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯತ್ಯಾಸ. ಸ್ನಾಯುಗಳು ಸಂಜೆ ಸಡಿಲವಾಗಿರುತ್ತವೆ, ವೇಗ ತಾನಾಗಿ ಬರುತ್ತದೆ. ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ತರುವ ವೇಗವನ್ನು ನಾನು ಸಂಜೆ ಮಾತನಾಡುತ್ತಾ ತರುತ್ತೇನೆ.

ಆದರೆ ಒಂದು ವಿಷಯವನ್ನು ಮುಚ್ಚಿಡಬಾರದು. ಮೈ ಬಿಸಿಯಾಗಿದ್ದರೂ ಎಂಟು ಗಂಟೆ ಕುರ್ಚಿಯಲ್ಲಿ ಮಡಚಿಕೊಂಡಿದ್ದ ಸೊಂಟ ಮತ್ತು ತೊಡೆಯ ಸಂದು ತೆರೆದುಕೊಳ್ಳಲು ಹೊತ್ತು ಬೇಕು. ಕಚೇರಿಯಿಂದ ನೇರವಾಗಿ ಬಂದು ಶೂ ಕಟ್ಟಿ ಓಡಿದವರು ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುವುದನ್ನು ನಮ್ಮ ಮೈದಾನದಲ್ಲಿ ಬೇಕಾದಷ್ಟು ನೋಡಿದ್ದೇನೆ. ನಾಲ್ಕು ಗಂಟೆಯ ಚಹಾಕ್ಕೆ ಮೆಟ್ಟಿಲು ಇಳಿದು ಹೋಗುವುದು, ಫೋನಿನಲ್ಲಿ ಮಾತನಾಡುವಾಗ ಓಡಾಡುವುದು, ಇವೆಲ್ಲ ಅಂದಿನ ವಾರ್ಮ್ ಅಪ್‌ನ ಭಾಗವೇ ಎಂದು ತಿಳಿಯಿರಿ.

ಸೀಟಿ ಮೇಷ್ಟ್ರು (ಧಾರವಾಡ, ನಿವೃತ್ತ ದೈಹಿಕ ಶಿಕ್ಷಕ)

ಬೆಳಿಗ್ಗೆ, ಸಂಜೆ ಎಂಬ ಜಗಳ ಆಮೇಲೆ ಇರಲಿ. ರಿಂಗ್‌ರೋಡ್ ಅವರೇ, ನೀವು ಕೇಳಿದ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. 800ರ ವೇಗದ ಓಟಗಳ ಆರು ತುಂಡುಗಳು ನಿಮಗೆ ಬೇಕೇ?

ಅಮೆರಿಕದ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಅವರ ಒಂದು ಲೆಕ್ಕವನ್ನು ನಾನು ಮಕ್ಕಳಿಗೂ ದೊಡ್ಡವರಿಗೂ ಬಳಸುತ್ತಾ ಬಂದಿದ್ದೇನೆ. ಈ ಬಗೆಯ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ) ವೇಗದಲ್ಲಿ ಒಂದು ದಿನ ಓಡುವ ದೂರ ನಿಮ್ಮ ವಾರದ ಒಟ್ಟು ದೂರದ ಶೇ. 8 ಅನ್ನು ಮೀರಬಾರದು. ಎಂಥ ಗಟ್ಟಿಗನಾದರೂ 10 ಕಿಲೋಮೀಟರ್ ದಾಟಬಾರದು. ನಿಮ್ಮದು ವಾರಕ್ಕೆ 40 ಕಿಲೋಮೀಟರ್. ಶೇ. 8 ಎಂದರೆ 3.2 ಕಿಲೋಮೀಟರ್, ಅಂದರೆ ಸರಿಯಾಗಿ 800ರ ನಾಲ್ಕು ತುಂಡು. ಆರು ತುಂಡು ಎಂದರೆ 4.8 ಕಿಲೋಮೀಟರ್. ಆ ಪಟ್ಟಿಯನ್ನು ವಾರಕ್ಕೆ 60 ಕಿಲೋಮೀಟರ್ ಓಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು.

ಈಗ ಗಡಿಯಾರ ನೋಡಿ. 24 ನಿಮಿಷದ 5 ಕಿಲೋಮೀಟರ್ ಎಂದರೆ ಕಿಲೋಮೀಟರಿಗೆ 4:48, 800 ಮೀಟರಿಗೆ 3:50. ನಡುವಿನ 400ರ ನಿಧಾನದ ಓಟಕ್ಕೆ 2:40 ಹಿಡಿಯಿರಿ. ಆರು ತುಂಡಿಗೆ 36 ನಿಮಿಷ 20 ಸೆಕೆಂಡು, ನಾಲ್ಕು ತುಂಡಿಗೆ 23 ನಿಮಿಷ 20 ಸೆಕೆಂಡು. ಹದಿಮೂರು ನಿಮಿಷ ಉಳಿಯಿತು. ಆರಕ್ಕೆ ಶುರು ಮಾಡಿದರೆ 6:57ಕ್ಕೆ ಎಲ್ಲ ಮುಗಿದು 7:12ಕ್ಕೆ ಮನೆಯಲ್ಲಿರುತ್ತೀರಿ. ಮಗನ ಬಸ್ಸು ತಪ್ಪುವುದಿಲ್ಲ.

ವಾರ್ಮ್ ಅಪ್ ಮಾತ್ರ ಮುಟ್ಟಬೇಡಿ. ಅದನ್ನು ಕತ್ತರಿಸಿ ತುಂಡುಗಳನ್ನು ಉಳಿಸಿಕೊಳ್ಳುವುದು ನೀರು ಕುದಿಯುವ ಮೊದಲೇ ಅಕ್ಕಿ ಸುರಿದಂತೆ. ಮೊದಲ ಎರಡು ತುಂಡುಗಳು ವಾರ್ಮ್ ಅಪ್‌ಗೇ ಖರ್ಚಾಗುತ್ತವೆ, ಅದೂ ಮೈ ಒಪ್ಪದ ವೇಗದಲ್ಲಿ. ಮೀನಖಂಡ ಹಿಡಿಯುವುದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಎಳೆಯುವುದು ಇಂಥ ಬೆಳಿಗ್ಗೆಗಳಲ್ಲೇ. ಹೊತ್ತು ಇಲ್ಲವೆಂದರೆ ತುಂಡು ಬಿಡಿ. ಮೂರೇ ಓಡಿ, ಎರಡೇ ಓಡಿ. ಆದರೆ ಓಡಿದ ಪ್ರತಿ ತುಂಡೂ ಅದರ ವೇಗದಲ್ಲೇ ಇರಲಿ.

ರಿಂಗ್‌ರೋಡ್ ಓಟಗಾರ (ಬೆಂಗಳೂರು)

ಮೇಷ್ಟ್ರೇ, ಲೆಕ್ಕ ತಲೆಗೆ ಹೋಯಿತು. ಆದರೂ ಒಂದು ಅಳುಕು. ಪಟ್ಟಿಯಲ್ಲಿ ಆರು ಎಂದಿರುವಾಗ ನಾಲ್ಕಕ್ಕೆ ನಿಲ್ಲಿಸಿದರೆ ಓಟದ ದಿನ ಕೊನೆಯ ಎರಡು ಕಿಲೋಮೀಟರಿನಲ್ಲಿ ಕೈಕೊಡುವುದಿಲ್ಲವೇ?

ಸೀಟಿ ಮೇಷ್ಟ್ರು (ಧಾರವಾಡ, ನಿವೃತ್ತ ದೈಹಿಕ ಶಿಕ್ಷಕ)

ಕೊನೆಯ ಎರಡು ಕಿಲೋಮೀಟರ್ ಕೈಕೊಡುವುದು ಭಾನುವಾರದ ಉದ್ದದ ಓಟ ತಪ್ಪಿಸಿಕೊಂಡವರಿಗೆ, ಮತ್ತು ಮೊದಲ ಕಿಲೋಮೀಟರಿನಲ್ಲಿ ಜನರ ಜೊತೆ ನುಗ್ಗಿದವರಿಗೆ. ಬುಧವಾರ ಮೈ ಹಿಂಡಿಕೊಂಡು ಗುರುವಾರ, ಶುಕ್ರವಾರ ಮಲಗಿಬಿಟ್ಟರೆ ವಾರದ 40 ಕಿಲೋಮೀಟರ್ 25ಕ್ಕೆ ಇಳಿಯುತ್ತದೆ. ನಷ್ಟ ಯಾವುದರಲ್ಲಿ ಹೆಚ್ಚು, ನೀವೇ ಹೇಳಿ.

ಇಪ್ಪತ್ತನೇ ತಾರೀಖು (ದಾವಣಗೆರೆ)

ನಾನು ತೆರಿಗೆ ಲೆಕ್ಕದ ಕೆಲಸದವನು. ನಮ್ಮಲ್ಲಿ ವಾರ ಎಂಬುದೇ ಇಲ್ಲ, ತಿಂಗಳು ಮಾತ್ರ ಇದೆ. ಜಿಎಸ್‌ಟಿ ವಿವರ ಸಲ್ಲಿಸುವ ಕೊನೆಯ ದಿನಗಳು: 11ಕ್ಕೆ ಜಿಎಸ್‌ಟಿಆರ್–1, 20ಕ್ಕೆ 3ಬಿ. ಕೊನೆಯ ಮೂರು ದಿನ ಕಚೇರಿಯಲ್ಲಿ ರಾತ್ರಿ ಹತ್ತಾದರೂ ಕಕ್ಷಿದಾರರು ಬಿಲ್ಲು ಕಳಿಸುತ್ತಲೇ ಇರುತ್ತಾರೆ. ಹೀಗಾಗಿ ನನ್ನ ಪಟ್ಟಿಯಲ್ಲಿ ಬುಧವಾರ ಎಂದು ಬರೆಯುವುದನ್ನೇ ಬಿಟ್ಟಿದ್ದೇನೆ. 18ರಿಂದ 20ರವರೆಗೆ ಬರೀ ಸುಲಭದ ಓಟ, ಅದೂ ಆದರೆ. ಗಟ್ಟಿ ಓಟ 22ಕ್ಕೋ 23ಕ್ಕೋ, ಒಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದ ಮೇಲೆ. ಜುಲೈ ಕೊನೆಯ ವಾರದಲ್ಲಿ ಟ್ರ್ಯಾಕ್ ಕಡೆ ತಲೆಯನ್ನೇ ಹಾಕುವುದಿಲ್ಲ.

ರಿಂಗ್‌ರೋಡ್ ಅವರಿಗೆ ನನ್ನ ಪ್ರಶ್ನೆ: ನಿಮ್ಮ ಕಂಪನಿಯಲ್ಲಿ ಸಾಫ್ಟ್‌ವೇರ್ ಬಿಡುಗಡೆ ಇರುವ ವಾರ ಮೊದಲೇ ಗೊತ್ತಿರುತ್ತದಲ್ಲವೇ? ಆ ವಾರದ ಇಂಟರ್ವಲ್ ಓಟವನ್ನು ಈಗಲೇ ಅಳಿಸಿಬಿಡಿ. ಆ ದಿನ ಬಂದಾಗ ಒದ್ದಾಡುವುದು ತಪ್ಪುತ್ತದೆ.

ಥೇಮ್ಸ್ ದಂಡೆ (ರೆಡಿಂಗ್, ಇಂಗ್ಲೆಂಡ್)

ಮಧ್ಯಾಹ್ನದ ಪರವಾಗಿ ಯಾರೂ ಮಾತನಾಡಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನಮ್ಮಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ ಎಂಟರವರೆಗೆ ಕತ್ತಲು, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲು. ಬೆಳಕು ಕಾಣುವುದೇ ಊಟದ ಹೊತ್ತಿನಲ್ಲಿ.

ಇದಕ್ಕೊಂದು ದೊಡ್ಡ ಪರಂಪರೆಯೇ ಇದೆ. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗ ರೋಜರ್ ಬ್ಯಾನಿಸ್ಟರ್ ಆಗ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿ. ಊಟದ ಬಿಡುವಿನಲ್ಲಿ ಹತ್ತಿರದ ಪ್ಯಾಡಿಂಗ್ಟನ್ ರಿಕ್ರಿಯೇಷನ್ ಗ್ರೌಂಡಿಗೆ ಹೋಗಿ ಅಲ್ಲಿನ ಸಿಂಡರ್ (ಸುಟ್ಟ ಕಲ್ಲಿದ್ದಲಿನ ಪುಡಿ ಹಾಸಿದ) ಟ್ರ್ಯಾಕಿನಲ್ಲಿ ಓಡಿ ವಾರ್ಡಿಗೆ ಮರಳುತ್ತಿದ್ದರು. ಕಾಲು ಮೈಲಿಯ ಹತ್ತು ತುಂಡು, ನಡುವೆ ಎರಡು ನಿಮಿಷ ಬಿಡುವು, ಇದೇ ಅವರ ಮುಖ್ಯ ಅಭ್ಯಾಸ. 1953ರ ಚಳಿಗಾಲದಲ್ಲಿ ಒಂದೊಂದು ತುಂಡಿಗೆ 66 ಸೆಕೆಂಡಿನಂತೆ ಶುರುವಾದದ್ದು 1954ರ ಏಪ್ರಿಲ್ ಹೊತ್ತಿಗೆ 61ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಎಷ್ಟು ತಿಪ್ಪರಲಾಗ ಹಾಕಿದರೂ ಇಳಿಯಲಿಲ್ಲ. ಆಗ ಬ್ಯಾನಿಸ್ಟರ್ ಮತ್ತು ಗೆಳೆಯ ಬ್ರ್ಯಾಷರ್ ಓಟವನ್ನೇ ಬಿಟ್ಟು ಸ್ಕಾಟ್ಲೆಂಡಿಗೆ ಬಂಡೆ ಹತ್ತಲು ಹೋದರು. ಮರಳಿ ಬಂದು ಓಡಿದರೆ 59! ಮೇ 6ರಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಅಲ್ಲಿನ ಪ್ರಯೋಗಾಲಯದ ಸಾಣೆಕಲ್ಲಿನಲ್ಲಿ ಶೂ ಅಡಿಯ ಸ್ಪೈಕ್‌ಗಳನ್ನು (ಮೊಳೆಗಳನ್ನು) ಮಸೆದುಕೊಂಡು, ರೈಲು ಹತ್ತಿ ಆಕ್ಸ್‌ಫರ್ಡಿಗೆ ಹೋಗಿ, ಸಂಜೆ ಇಫ್ಲಿ ರಸ್ತೆಯ ಟ್ರ್ಯಾಕಿನಲ್ಲಿ 3:59.4ಕ್ಕೆ ಮುಗಿಸಿದರು.

ನಾನೂ ವಾರಕ್ಕೊಮ್ಮೆ ಮಧ್ಯಾಹ್ನ 12:15ಕ್ಕೆ ಹೊರಟು 1:15ಕ್ಕೆ ಮೇಜಿನ ಮುಂದೆ ಇರುತ್ತೇನೆ. ಕ್ಯಾಲೆಂಡರಿನಲ್ಲಿ ಆ ಒಂದು ಗಂಟೆಗೆ "ಕಾರ್ಯನಿರತ" ಎಂದು ಹಾಕಿಡುತ್ತೇನೆ. ಊಟವನ್ನು ಓಟದ ನಂತರ ಕೆಲಸ ಮಾಡುತ್ತಲೇ ಮುಗಿಸುತ್ತೇನೆ.

ಡಬ್ಬಿ ಕಟ್ಟುವ ಅಮ್ಮ (ವಿಜಯನಗರ, ಬೆಂಗಳೂರು)

ಬ್ಯಾನಿಸ್ಟರ್ ಕಥೆ ಚೆನ್ನಾಗಿದೆ. ಆಗ ಅವರಿಗೆ 25 ವರ್ಷ. ಮಕ್ಕಳ ಡಬ್ಬಿ ಕಟ್ಟುವ ಗೋಜು ಇರಲಿಲ್ಲ, ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲಂತೂ ಇರಲೇ ಇಲ್ಲ. ಥೇಮ್ಸ್ ಅವರೇ, ಬೇಸರಿಸಬೇಡಿ, ಆದರೆ ಬೆಂಗಳೂರಿನಲ್ಲಿ ಮಾರ್ಚ್ ಬಂದ ಮೇಲೆ ಮಧ್ಯಾಹ್ನ ಇಂಟರ್ವಲ್ ಓಡುವುದು ತಲೆಸುತ್ತು ಬರಿಸಿಕೊಳ್ಳುವ ದಾರಿ. ಈ ಜನವರಿಯಲ್ಲಿ ಬೇಕಾದರೆ ಆಗಬಹುದು.

ಬೆಳಿಗ್ಗೆಯ ಪರ ವಾದಿಸುವವರಿಗೂ ಒಂದು ಮಾತು. ಐದು ಗಂಟೆಯ ಕತ್ತಲಲ್ಲಿ ನಿಮಗೆ ಯಾರೂ ಅಡ್ಡ ಬರುವುದಿಲ್ಲ, ನಿಜ. ನಮಗೆ ಬೀದಿನಾಯಿಗಳು ಬರುತ್ತವೆ, ಕೆಲವೊಮ್ಮೆ ನಾಯಿಗಿಂತ ಕೆಟ್ಟವರೂ ಬರುತ್ತಾರೆ. ದೀಪವಿಲ್ಲದ ರಸ್ತೆಯಲ್ಲಿ ಒಬ್ಬಳೇ ಓಡಿ ಎಂದು ಯಾವ ತರಬೇತಿ ಪಟ್ಟಿಯೂ ನನಗೆ ಹೇಳುವಂತಿಲ್ಲ.

ನಾನು ಮಾಡಿಕೊಂಡ ವ್ಯವಸ್ಥೆ ಇದು. ವಾರದ ನಡುವೆ ಟ್ರ್ಯಾಕ್ ಆಸೆಯನ್ನೇ ಬಿಟ್ಟೆ. ನಮ್ಮ ವಸತಿ ಸಮುಚ್ಚಯದೊಳಗೆ ಒಂದು ಸುತ್ತು ರಸ್ತೆ ಇದೆ, ಮೂರು ಉಬ್ಬುಗಳ ಸಮೇತ. ಅಲ್ಲಿ ದೂರ ಅಳೆಯುವುದಿಲ್ಲ, ಹೊತ್ತು ಅಳೆಯುತ್ತೇನೆ. ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಕಾವಲಿನ ಅಣ್ಣ ಮೊದಮೊದಲು "ಏನಾಯಿತು ಮೇಡಂ, ಯಾರಾದರೂ ಅಟ್ಟಿಸಿಕೊಂಡು ಬಂದರೇ?" ಎಂದು ಕೇಳುತ್ತಿದ್ದ. ಈಗ ಎದುರಿನಿಂದ ಕಾರು ಬಂದರೆ ತಾನೇ ಕೈ ತೋರಿಸಿ ನಿಲ್ಲಿಸುತ್ತಾನೆ. ನಿಜವಾದ ಟ್ರ್ಯಾಕ್ ಓಟ ಎರಡು ವಾರಕ್ಕೊಮ್ಮೆ ಶನಿವಾರ. ಆ ದಿನ ಡಬ್ಬಿ ಇಲ್ಲ, ಬಸ್ಸಿಲ್ಲ, ಯಜಮಾನರು ಮನೆಯಲ್ಲಿರುತ್ತಾರೆ. ವೇಗ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಅಷ್ಟು ಸಾಕು.

ಸೀಟಿ ಮೇಷ್ಟ್ರು (ಧಾರವಾಡ, ನಿವೃತ್ತ ದೈಹಿಕ ಶಿಕ್ಷಕ)

ತಾಯಿ, ನೂರಕ್ಕೆ ನೂರು ಒಪ್ಪಿದೆ. ಮೂರರಿಂದ ಐದು ನಿಮಿಷ ಜೋರಾಗಿ ಓಡಿದರೆ ಆಮ್ಲಜನಕ ಬಳಸಿಕೊಳ್ಳುವ ಶಕ್ತಿಗೆ ಬೇಕಾದ ಒತ್ತಡ ಸಿಗುತ್ತದೆ. ಅದು ಕೆಂಪು ಟ್ರ್ಯಾಕಿನ ಮೇಲೇ ಆಗಬೇಕೆಂಬ ಕಟ್ಟಲೆ ಇಲ್ಲ. ಸ್ವೀಡನ್ನಿನ ಗೋಸ್ಟಾ ಹೋಲ್ಮರ್ 1930ರ ದಶಕದಲ್ಲಿ ಫಾರ್ಟ್‌ಲೆಕ್ (ವೇಗದ ಆಟ, ಅಂದರೆ ಜೋರು–ನಿಧಾನ ಬೆರೆಸಿ ಓಡುವುದು) ಎಂದು ಕಲಿಸಿದ್ದು ಕಾಡುದಾರಿಗಳಲ್ಲಿ. ಉಬ್ಬುಗಳ ಮೇಲೆ ಮಾತ್ರ ಹೆಜ್ಜೆ ನೋಡಿಕೊಳ್ಳಿ.

ಶಿಫ್ಟಿಗೆ ತಕ್ಕಂತೆ (ಮಂಗಳೂರು)

ಆಸ್ಪತ್ರೆಯಲ್ಲಿ ಶುಶ್ರೂಷಕಿ. ನನಗೆ ಮೂರು ಬಗೆಯ ದಿನಗಳಿವೆ. ಬೆಳಗಿನ ಪಾಳಿ ಎಂಟರಿಂದ ಎರಡು, ಮಧ್ಯಾಹ್ನದ್ದು ಎರಡರಿಂದ ಎಂಟು, ರಾತ್ರಿಯದ್ದು ಎಂಟರಿಂದ ಮರುದಿನ ಎಂಟು. ಗಟ್ಟಿ ಓಟ ಮಧ್ಯಾಹ್ನದ ಪಾಳಿಯ ದಿನ ಮಾತ್ರ. ರಾತ್ರಿ ತುಂಬ ನಿದ್ದೆಯಾಗಿರುತ್ತದೆ, ಬೆಳಿಗ್ಗೆ ಮಂಗಳಾ ಕ್ರೀಡಾಂಗಣಕ್ಕೆ ಹೋಗಿ ಬಂದು, ಗಂಜಿ ಉಂಡು, ಒಂದು ಗಳಿಗೆ ಕಾಲು ಚಾಚಿ, ಪಾಳಿಗೆ ಹೊರಡುತ್ತೇನೆ. ರಾತ್ರಿ ಪಾಳಿ ಮುಗಿಸಿ ನೇರ ಟ್ರ್ಯಾಕಿಗೆ ಹೋಗುವವರನ್ನು ಕಂಡರೆ ನನಗೆ ಭಯ. ಓಡುವಾಗ ಏನೂ ಆಗದಿರಬಹುದು, ಆಮೇಲೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಕಣ್ಣು ಮುಚ್ಚುತ್ತದೆ.

ಕರಾವಳಿಯವರಿಗೆ ಒಂದು ಸೂಚನೆ. ಇಲ್ಲಿ ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ. ಬೆಂಗಳೂರಿನವರ ವೇಗವನ್ನು ನಾವು ಹಾಗೆಯೇ ಹಿಡಿದರೆ ಮೂರನೇ ತುಂಡಿಗೆ ಮುಗಿದುಹೋಗುತ್ತೇವೆ. ನಾನು ತುಂಡಿನ ವೇಗವನ್ನು ಸ್ವಲ್ಪ ಇಳಿಸಿ ಬಿಡುವನ್ನು ಹೆಚ್ಚಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಗುಡುಗು ಕೇಳಿಸಿದರೆ ಆ ಕ್ಷಣವೇ ಮೈದಾನ ಬಿಟ್ಟು ಸೂರಿನಡಿ ಸೇರಬೇಕು. ಬಯಲಿನಲ್ಲಿ ಎಲ್ಲರಿಗಿಂತ ಎತ್ತರ ನಾವೇ ಇರುತ್ತೇವೆ.

ಆರನೇ ಲೇನ್ (ಉಡುಪಿ)

ನನ್ನದೊಂದು ಒಗಟು, ಯಾರಾದರೂ ಬಿಡಿಸಿ. ನನ್ನ ವೇಗವೂ ರಿಂಗ್‌ರೋಡ್ ಅವರಷ್ಟೇ. ಊರಾಚೆಯ ರಸ್ತೆಯಲ್ಲಿ ಅಳೆದು ಗುರುತು ಹಾಕಿದ 800 ಮೀಟರನ್ನು ಬೆಳಿಗ್ಗೆ 3:50ಕ್ಕೆ ಓಡುತ್ತೇನೆ. ಸಂಜೆ ಕಚೇರಿ ಮುಗಿಸಿ ಅಜ್ಜರಕಾಡಿನ ಟ್ರ್ಯಾಕಿಗೆ ಬಂದರೆ ಎರಡು ಸುತ್ತಿಗೆ 4:10, 4:12. ಸಂಜೆ ಮೈ ಸಡಿಲ, ವೇಗ ತಾನಾಗಿ ಬರುತ್ತದೆ ಎಂದು ಹುಬ್ಬಳ್ಳಿಯವರು ಹೇಳುತ್ತಾರೆ. ನನಗೆ ಮಾತ್ರ ಯಾಕೆ ತಿರುಗುಮುರುಗು? ಕಚೇರಿಯ ದಣಿವು ಇಷ್ಟೊಂದೇ?

ಸಂಜೆ ಆರು (ಹುಬ್ಬಳ್ಳಿ)

ನಿಮ್ಮ ಹೆಸರಿನಲ್ಲೇ ಉತ್ತರ ಇರುವ ಹಾಗಿದೆ. ಓಡುವುದು ಯಾವ ಲೇನಿನಲ್ಲಿ?

ಆರನೇ ಲೇನ್ (ಉಡುಪಿ)

ಆರರಲ್ಲೇ. ಒಂದರಿಂದ ನಾಲ್ಕರವರೆಗೆ ವಾಯುವಿಹಾರದವರು ಸಾಲಾಗಿ ನಡೆಯುತ್ತಿರುತ್ತಾರೆ. ನಾಲ್ವರು ಹಿರಿಯರು ಅಕ್ಕಪಕ್ಕ ಕೈ ಬೀಸಿಕೊಂಡು, ಮಗಳ ಮದುವೆಯಿಂದ ಹಿಡಿದು ಚುನಾವಣೆಯವರೆಗೆ ಮಾತನಾಡಿಕೊಂಡು. "ಸೈಡ್" ಎಂದರೆ ಮುಖ ಸಿಂಡರಿಸುತ್ತಾರೆ.

ಸೀಟಿ ಮೇಷ್ಟ್ರು (ಧಾರವಾಡ, ನಿವೃತ್ತ ದೈಹಿಕ ಶಿಕ್ಷಕ)

ಒಗಟು ಬಿಡಿಸಿದಂತಾಯಿತು. ಟ್ರ್ಯಾಕಿನ ಒಂದು ಸುತ್ತು 400 ಮೀಟರ್ ಎಂಬುದು ಒಂದನೇ ಲೇನಿಗೆ ಮಾತ್ರ ಸತ್ಯ. ಲೇನಿನ ಅಗಲ 1.22 ಮೀಟರ್. ಎರಡನೇ ಲೇನ್ ಸುಮಾರು 407 ಮೀಟರ್, ಅಲ್ಲಿಂದಾಚೆ ಲೇನಿಗೆ ಏಳೂಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆಯಂತೆ ಏರುತ್ತಾ ಎಂಟನೆಯದು 453 ಆಗುತ್ತದೆ. ಆರನೇ ಲೇನಿನ ಒಂದು ಸುತ್ತು 437.7 ಮೀಟರ್. ನಿಮ್ಮ ಎರಡು ಸುತ್ತು 875 ಮೀಟರ್. ಕಿಲೋಮೀಟರಿಗೆ 4:48ರ ವೇಗದಲ್ಲಿ ಅದಕ್ಕೆ ಹಿಡಿಯಬೇಕಾದ್ದು 4:12. ನೀವು ಸಂಜೆಯೂ ಅದೇ ವೇಗದಲ್ಲಿ, ಕೆಲವೊಮ್ಮೆ ತುಸು ಹೆಚ್ಚಿನ ವೇಗದಲ್ಲಿ ಓಡುತ್ತಿದ್ದೀರಿ.

ಕೈಗಡಿಯಾರದ ಜಿಪಿಎಸ್ ನಂಬಬೇಡಿ, ತಿರುವುಗಳಲ್ಲಿ ಅದು ದಾರಿ ತಪ್ಪುತ್ತದೆ. ಟ್ರ್ಯಾಕ್ ಎಂಬ ಆಯ್ಕೆ ಇರುವ ಗಡಿಯಾರವಾದರೆ ಲೇನಿನ ಸಂಖ್ಯೆ ಕೊಡಿ. ಇಲ್ಲವಾದರೆ ಒಂದೊಂದು ಸುತ್ತಿಗೂ 2:06 ಎಂದು ನೆನಪಿಟ್ಟುಕೊಂಡು ಓಡಿ.

ಶಾಲೆಯ ಮಣ್ಣಿನ ಮೈದಾನದಲ್ಲಿ ಸುಣ್ಣದ ಪುಡಿ ಎಳೆದ 200 ಮೀಟರ್ ಟ್ರ್ಯಾಕ್ ಬಳಸುವವರಿಗೂ ಹೇಳಿಬಿಡುತ್ತೇನೆ. 800 ಮೀಟರಿಗೆ ನಾಲ್ಕು ಸುತ್ತು, ಎಂಟು ತಿರುವು. ಎಲ್ಲವನ್ನೂ ಎಡಕ್ಕೇ ತಿರುಗಿ ಓಡಿದರೆ ಒಂದೇ ಕಣಕಾಲಿಗೆ ಏಟು. ನಿಧಾನದ ಓಟವನ್ನಾದರೂ ಎದುರು ದಿಕ್ಕಿನಲ್ಲಿ ಓಡಿ.

ಮುಂಜಾವಿನ ಮಂದಿ (ಮೈಸೂರು)

ವಾಯುವಿಹಾರದವರ ವಿಷಯ ತೆಗೆದಿರಿ, ಹೊಟ್ಟೆ ಉರಿಯಿತು. ಆದರೆ ಬೈದರೆ ಕೆಲಸ ಕೆಡುತ್ತದೆ. ನಾನು ಮಾಡಿದ್ದು ಇಷ್ಟೇ. ಅವರಲ್ಲಿ ಹಿರಿಯರೊಬ್ಬರಿಗೆ ನಮಸ್ಕಾರ ಹೇಳಿ, "ಸರ್, 24 ನಿಮಿಷ ಮಾತ್ರ ಒಳಗಿನ ಲೇನ್ ಬೇಕು, ಆಮೇಲೆ ನಿಮ್ಮದೇ" ಎಂದೆ. ಈಗ ಅವರೇ ಉಳಿದವರನ್ನು ಹೊರಗೆ ಸರಿಸುತ್ತಾರೆ, ನನ್ನ ಸಮಯವನ್ನೂ ಕೂಗಿ ಹೇಳುತ್ತಾರೆ. ತಪ್ಪು ಸಮಯವನ್ನು, ಆದರೂ.

ಕಾಫಿ ಮೊದಲು (ಹಾಸನ)

ಹೊಟ್ಟೆಯ ವಿಷಯ ಯಾರೂ ಎತ್ತಲಿಲ್ಲ. ಬೆಳಿಗ್ಗೆ ಓಡುವವರು ಒಂದು ಏಲಕ್ಕಿ ಬಾಳೆಹಣ್ಣು ಅಥವಾ ಎರಡು ಖರ್ಜೂರ, ಅರ್ಧ ಲೋಟ ಫಿಲ್ಟರ್ ಕಾಫಿ ತೆಗೆದುಕೊಂಡರೆ ಸಾಕು. ಹಿಂದಿನ ರಾತ್ರಿಯ ಊಟವೇ ಓಡಿಸುತ್ತದೆ. ಸಂಜೆಯವರದು ಕಷ್ಟ. ಮಧ್ಯಾಹ್ನ ಒಂದೂವರೆಗೆ ಮುದ್ದೆ, ಸೊಪ್ಪಿನ ಸಾರು, ಮೇಲೆ ಮಜ್ಜಿಗೆ ಎಂದು ಹೊಡೆದರೆ ಆರು ಗಂಟೆಗೂ ಅದು ಹೊಟ್ಟೆಯೊಳಗೇ ಕೂತಿರುತ್ತದೆ. ಗಟ್ಟಿ ಓಟದ ದಿನ ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಕಾಳು, ಹುರಿದದ್ದು, ಕರಿದದ್ದು ಬೇಡ. ನಾಲ್ಕೂವರೆಗೆ ಒಂದು ಶೇಂಗಾ ಚಿಕ್ಕಿ.

ಸಂಜೆ ಐದೂವರೆಗೆ ಕಾಫಿ ಕುಡಿದು ಓಡುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಕೆಫೀನಿನ ಅರ್ಧ ಭಾಗ ರಕ್ತದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತೂವರೆಗೂ ಅರ್ಧ ಲೋಟ ಒಳಗೇ ಇದ್ದಂತೆ. ರಿಂಗ್‌ರೋಡ್ ಅವರು ಹೇಳಿದ ರಾತ್ರಿ ಒಂಬತ್ತರ ಓಟವನ್ನು ನನ್ನ ಶತ್ರುವಿಗೂ ಹೇಳುವುದಿಲ್ಲ. ಓಡಿ, ಉಂಡು, ಹಾಸಿಗೆಯಲ್ಲಿ ಹನ್ನೆರಡರವರೆಗೆ ಎದೆ ಬಡಿತ ಎಣಿಸುತ್ತಾ ಮಲಗಬೇಕು.

ನಿಧಾನವೇ ಪ್ರಧಾನ (ತುಮಕೂರು)

ಕ್ಷಮಿಸಿ, ಒಂದು ಸಂದೇಹ. ನಾವೇನು ಪದಕ ಗೆಲ್ಲುವವರೇ? 45 ದಾಟಿದವರು ದುಡಿದು ಬಂದು ಏದುಸಿರು ಬಿಡುತ್ತಾ ಟ್ರ್ಯಾಕ್ ಸುತ್ತುವುದು ಯಾತಕ್ಕೆ? ಕೆರೆ ಏರಿಯ ಮೇಲೆ ಹಾಯಾಗಿ ಓಡಿದರೆ ಸಾಲದೇ?

ಶಿಫ್ಟಿಗೆ ತಕ್ಕಂತೆ (ಮಂಗಳೂರು)

ಸಾಲುತ್ತದೆ. ಆರೋಗ್ಯಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಆದರೆ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಶಕ್ತಿ ವಯಸ್ಸಿನ ಜೊತೆ ಇಳಿಯುತ್ತಾ ಹೋಗುತ್ತದೆ, ವಾರಕ್ಕೊಮ್ಮೆ ಜೋರಾಗಿ ಓಡುವವರಲ್ಲಿ ಆ ಇಳಿತ ನಿಧಾನ. ಅದಕ್ಕಿಂತ ನಿಜವಾದ ಕಾರಣ, ಕೆಲವರಿಗೆ ಅದು ಇಷ್ಟ. ಹಾಡಲು ಬಾರದವರೂ ಭಜನೆಗೆ ಹೋಗುವುದಿಲ್ಲವೇ?

ನಿಮ್ಮ ಮಾತಿನಲ್ಲಿ ಒಂದು ತೂಕ ಇದೆ. ವರ್ಷಗಟ್ಟಲೆ ಕುರ್ಚಿಯಲ್ಲಿದ್ದವರು, ರಕ್ತದೊತ್ತಡ ಅಥವಾ ಸಕ್ಕರೆ ಇರುವವರು, ಮನೆಯಲ್ಲಿ ಹೃದಯದ ತೊಂದರೆಯ ಇತಿಹಾಸ ಇರುವವರು ನೇರ ಇಂಟರ್ವಲ್‌ಗೆ ಇಳಿಯಬಾರದು. ಮೊದಲು ವೈದ್ಯರನ್ನು ಕಾಣಿ. ಓಡುವಾಗ ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ಅದನ್ನು ಗ್ಯಾಸ್ ಎಂದು ಸಮಾಧಾನ ಮಾಡಿಕೊಳ್ಳದೆ ಆಸ್ಪತ್ರೆಗೆ ಬನ್ನಿ. ಗ್ಯಾಸ್ ಎಂದುಕೊಂಡು ತಡವಾಗಿ ಬಂದವರನ್ನು ನಾವು ಪಾಳಿಯಲ್ಲಿ ನೋಡುತ್ತಿರುತ್ತೇವೆ.

ಇಪ್ಪತ್ತನೇ ತಾರೀಖು (ದಾವಣಗೆರೆ)

ಮೇಷ್ಟ್ರೇ, ದಣಿದ ದಿನ ಟ್ರ್ಯಾಕಿಗೆ ಹೋದ ಮೇಲೆ, ಇವತ್ತು ಸಾಕು, ಮನೆಗೆ ಹೋಗೋಣ ಎಂದು ತಿಳಿಯುವುದು ಹೇಗೆ? ಸೋಮಾರಿತನವೋ ನಿಜವಾದ ದಣಿವೋ ನನಗೆ ಗೊತ್ತಾಗುವುದಿಲ್ಲ.

ಸೀಟಿ ಮೇಷ್ಟ್ರು (ಧಾರವಾಡ, ನಿವೃತ್ತ ದೈಹಿಕ ಶಿಕ್ಷಕ)

ಒಳ್ಳೆಯ ಪ್ರಶ್ನೆ. ಜರ್ಮನಿಯ ತರಬೇತುದಾರ ಗೆರ್ಶ್ಲರ್ ಮತ್ತು ವೈದ್ಯ ರೈಂಡೆಲ್ ಇದನ್ನು ನಾಡಿಯಿಂದಲೇ ಅಳೆಯುತ್ತಿದ್ದರು. ಗೆರ್ಶ್ಲರ್ ಪಳಗಿಸಿದ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1:46.6ಕ್ಕೆ ಓಡಿದ ದಾಖಲೆ 1955ರವರೆಗೆ ಅಲುಗಲಿಲ್ಲ. ಅವರ ಕ್ರಮದಲ್ಲಿ ಒಂದು ತುಂಡು ಮುಗಿದಾಗ ನಾಡಿ 180ರ ಸುಮಾರಿಗೆ ಏರಿ, ಒಂದೂವರೆ ನಿಮಿಷದೊಳಗೆ 120ಕ್ಕೆ ಇಳಿಯಬೇಕು. ಇಳಿಯಲಿಲ್ಲವೆಂದರೆ ತುಂಡು ಆ ದಿನಕ್ಕೆ ಹೆಚ್ಚು ಬಿರುಸಾಯಿತು ಎಂದರ್ಥ. ಇದು ಚಿಕ್ಕ ತುಂಡುಗಳಿಗೆ ಮಾಡಿದ ಲೆಕ್ಕ, ವಯಸ್ಸಾದವರಿಗೆ ಅಂಕಿಗಳು ಬದಲಾಗುತ್ತವೆ. ಹಾಗಾಗಿ ಅವರ ಅಂಕಿಯನ್ನು ಬಿಡಿ, ಉಪಾಯವನ್ನು ಇಟ್ಟುಕೊಳ್ಳಿ. ಚೆನ್ನಾಗಿ ನಿದ್ದೆಯಾದ ದಿನ ನಿಮ್ಮ ನಾಡಿ ಬಿಡುವಿನ ಕೊನೆಗೆ ಎಷ್ಟಕ್ಕೆ ಇಳಿಯುತ್ತದೆ ಎಂದು ಬರೆದಿಡಿ. ದಣಿದ ದಿನ ಎರಡನೇ ಬಿಡುವಿನಲ್ಲಿ ಅದು ಹತ್ತು–ಹದಿನೈದು ಹೆಚ್ಚಿದ್ದರೆ ಶೂ ಬಿಚ್ಚಿ. ಸೋಮಾರಿತನವಾಗಿದ್ದರೆ ವಾರ್ಮ್ ಅಪ್ ಮುಗಿಯುವಷ್ಟರಲ್ಲಿ ಅದೇ ಮರೆತುಹೋಗಿರುತ್ತದೆ.

ರಿಂಗ್‌ರೋಡ್ ಓಟಗಾರ (ಬೆಂಗಳೂರು)

ಎಲ್ಲರಿಗೂ ಧನ್ಯವಾದ. ನಾನು ತೀರ್ಮಾನಿಸಿದ್ದು: ಬುಧವಾರ ಬೆಳಿಗ್ಗೆ ಆರಕ್ಕೆ, 800ರ ನಾಲ್ಕು ತುಂಡು, ವಾರ್ಮ್ ಅಪ್ ಪೂರ್ತಿ. ಮಂಗಳವಾರ ರಾತ್ರಿಯ ಕರೆಯನ್ನು ಸಹೋದ್ಯೋಗಿಗೆ ಒಪ್ಪಿಸಿ, ಅವರ ಗುರುವಾರದ ಕರೆಯನ್ನು ನಾನು ತೆಗೆದುಕೊಂಡಿದ್ದೇನೆ. ಅವರೂ ಖುಷಿಯಾದರು, ಅವರಿಗೆ ಗುರುವಾರ ರಾಯರ ಮಠಕ್ಕೆ ಹೋಗಬೇಕಂತೆ. ಫೆಬ್ರವರಿ ಎರಡನೇ ವಾರ ಬಿಡುಗಡೆ ಇದೆ, ಆ ಬುಧವಾರವನ್ನು ಈಗಲೇ ಅಳಿಸಿದೆ. ಆ ವಾರ ಶನಿವಾರ ಡಬ್ಬಿ ಕಟ್ಟುವ ಅಮ್ಮ ಅವರ ಹಾಗೆ ನಾಲ್ಕು ನಿಮಿಷದ ಓಟ, ಅದೂ ಮೈ ಒಪ್ಪಿದರೆ.

ಒಂದೇ ಒಂದು ಉಳಿದಿದೆ. ಓಡಿದ ಒಂದೂವರೆ ಗಂಟೆಯೊಳಗೆ ಕಾರಿನಲ್ಲಿ ಕುಳಿತು ಕಚೇರಿಗೆ ಹೊರಡಬೇಕು. ಕ್ಲಚ್ ಒತ್ತಿ ಒತ್ತಿ ಎಡ ಮೀನಖಂಡ ಕಲ್ಲಾಗುತ್ತದೆ. ಇದಕ್ಕೇನು ಮಾಡುತ್ತೀರಿ?

ಸಂಜೆ ಆರು (ಹುಬ್ಬಳ್ಳಿ)

ಬುಧವಾರ ಕಾರು ಬಿಟ್ಟು ಬಿಎಂಟಿಸಿ ವೋಲ್ವೊ ಹತ್ತಿ. ಸೀಟು ಸಿಕ್ಕರೂ ಅರ್ಧ ದಾರಿ ನಿಂತೇ ಹೋಗಿ, ಒಂದು ಬಾಟಲಿ ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ. ಮತ್ತೆ, ಓಟದ ಶೂ ಬಿಚ್ಚಿದ ಕೂಡಲೇ ಕಚೇರಿಯ ಗಟ್ಟಿ ಶೂ ಹಾಕಬೇಡಿ. ಮೇಜಿನ ಕೆಳಗೆ ಒಂದು ಜೊತೆ ಚಪ್ಪಲಿ ಇಟ್ಟಿರಿ, ಯಾರೂ ಬಗ್ಗಿ ನೋಡುವುದಿಲ್ಲ.

ಡಬ್ಬಿ ಕಟ್ಟುವ ಅಮ್ಮ (ವಿಜಯನಗರ, ಬೆಂಗಳೂರು)

ಮಗನ ಡಬ್ಬಿಗೆ ಬುಧವಾರ ಚಿತ್ರಾನ್ನ ಇಡಿ. ಗೊಜ್ಜನ್ನು ಹಿಂದಿನ ರಾತ್ರಿಯೇ ಮಾಡಿಟ್ಟರೆ ಬೆಳಿಗ್ಗೆ ಅನ್ನಕ್ಕೆ ಕಲಸಲು ಐದು ನಿಮಿಷ ಸಾಕು. 7:12ಕ್ಕೆ ಮನೆಗೆ ಬಂದರೂ ಬಸ್ಸಿಗೆ ಹತ್ತಿಸಬಹುದು. ನಿಮ್ಮದೂ ಅದೇ ಡಬ್ಬಿಯಾಗಲಿ.